ಸೈಕಲ್ ಬಿಡಿಭಾಗ ಆನ್‌ಲೈನ್‌ನಲ್ಲಿ ಕೊಳ್ಳುವಾಗ ಅಂಗಡಿಯನ್ನು ನಂಬುವುದು ಹೇಗೆ?

ಗೇರ್ ಸೈಕಲ್ ಈಗ ತಾಲ್ಲೂಕು ಕೇಂದ್ರಗಳಲ್ಲೂ ಸಿಗುತ್ತದೆ. ಆದರೆ ಅದರ ಚೈನು ಸವೆದಾಗ, ಡಿಸ್ಕ್ ಬ್ರೇಕಿನ ಪ್ಯಾಡ್ ತೀರಿದಾಗ ಹೊಸದು ಅದೇ ಊರಿನಲ್ಲಿ ಸಿಗುತ್ತದೆಂಬ ಭರವಸೆಯಿಲ್ಲ. ವಿಜಯಪುರ, ಬಾಗಲಕೋಟೆ ಸೀಮೆಯಿಂದ ರಾಷ್ಟ್ರಮಟ್ಟದ ಸೈಕ್ಲಿಸ್ಟುಗಳು ಬಹಳ ವರ್ಷಗಳಿಂದ ಬರುತ್ತಿದ್ದಾರೆ. ಅಂಥ ಊರುಗಳಲ್ಲೂ ರೇಸ್ ಸೈಕಲ್ಲಿನ ಸಾಮಾನು ಬೇಕೆಂದರೆ ಬೆಂಗಳೂರು, ಪುಣೆಯ ದಾರಿ ಹಿಡಿಯಬೇಕು, ಇಲ್ಲವೇ ಮೊಬೈಲ್ ತೆಗೆಯಬೇಕು. ಹಾಗಾಗಿ ಆನ್‌ಲೈನ್ ಅಂಗಡಿ ನಮ್ಮಲ್ಲಿ ಅನೇಕರಿಗೆ ಅನಿವಾರ್ಯ.

ಯಾವ ಅಂಗಡಿ ನಂಬಿಕೆಗೆ ಅರ್ಹ ಎಂಬುದು ಬೆಲೆ ನೋಡಿದರೆ ತಿಳಿಯುವುದಿಲ್ಲ, ಐದು ನಕ್ಷತ್ರ ಎಣಿಸಿದರೂ ತಿಳಿಯುವುದಿಲ್ಲ. ನಾನು ನೋಡುವುದು ಎರಡು ವಿಷಯ. ತಾವು ಮಾರುವ ಸಾಮಾನು ಯಾವ ಸೈಕಲ್ಲಿಗೆ ಕೂರುತ್ತದೆ, ಯಾವುದಕ್ಕೆ ಕೂರುವುದಿಲ್ಲ ಎಂದು ಅವರಿಗೆ ಗೊತ್ತಿದೆಯೇ? ಏನಾದರೂ ಕೆಟ್ಟರೆ ಕೇಳಲು ಒಂದು ಹೆಸರು, ಒಂದು ವಿಳಾಸ ಇದೆಯೇ? ಈ ಎರಡನ್ನು ಪರೀಕ್ಷಿಸುವ ಬಗೆಯನ್ನೇ ಕೆಳಗೆ ಒಂದೊಂದಾಗಿ ಬರೆದಿದ್ದೇನೆ.

1. ಮೊದಲು ನಿಮ್ಮ ಸೈಕಲ್ಲಿನ ಅಳತೆ ತಿಳಿಯಿರಿ

ಅಂಗಡಿ ಹುಡುಕುವ ಲೇಖನದಲ್ಲಿ ಅಳತೆಯ ಮಾತೇಕೆ ಎನ್ನಿಸಬಹುದು. ಬೇಕಾದ್ದು ಏನೆಂದು ನಿಮಗೇ ಖಚಿತವಿಲ್ಲದಿದ್ದರೆ ಒಳ್ಳೆಯ ಅಂಗಡಿಯಿಂದಲೂ ತಪ್ಪು ಸಾಮಾನೇ ಬರುತ್ತದೆ, ಕೆಟ್ಟ ಅಂಗಡಿಯನ್ನು ಗುರುತಿಸುವುದಂತೂ ಆಗುವುದೇ ಇಲ್ಲ. ಆದ್ದರಿಂದ ಈ ಭಾಗಕ್ಕೆ ಹೆಚ್ಚು ಹೊತ್ತು ಕೊಡಿ.

ಟೈರಿನಿಂದ ಶುರುಮಾಡೋಣ. "26 ಇಂಚಿನ ಟೈರು" ಎಂದಷ್ಟೇ ಹೇಳಿದರೆ ಸಾಲದು. ಎಂಟಿಬಿಗೆ (ಮೌಂಟನ್ ಬೈಕಿಗೆ) ಬರುವ 26×1.95 ಟೈರು ಕೂರುವ ರಿಮ್ಮಿನ ವ್ಯಾಸ 559 ಮಿಲಿಮೀಟರ್. ಲೇಡೀಸ್ ಸೈಕಲ್ಲುಗಳಲ್ಲಿ ಕಾಣುವ 26×1⅜ ಟೈರಿನದು 590. ಎರಡರ ಮೇಲೂ 26 ಎಂದೇ ಇರುತ್ತದೆ, ಆದರೆ ಒಂದರ ಟೈರು ಇನ್ನೊಂದರ ರಿಮ್ಮಿಗೆ ಕೂರುವುದಿಲ್ಲ. 28ರದೂ ಇದೇ ಕಥೆ. ಹಾಲಿನ ಕ್ಯಾನು ಹೊರುವ ಹಳೆಯ ಕರಿ ಸೈಕಲ್ಲಿನ 28×1½ ಟೈರಿಗೆ 635 ಮಿಲಿಮೀಟರಿನ ರಿಮ್ ಬೇಕು. ಹೈಬ್ರಿಡ್ ಮತ್ತು ರೋಡ್ ಬೈಕುಗಳ 700ಸಿ ಟೈರಿಗೆ ಬೇಕಾದ್ದು 622. ಯುರೋಪಿನ ಕಂಪನಿಗಳು ಈ 700ಸಿಯನ್ನೂ 28 ಎಂದೇ ಅಚ್ಚು ಹಾಕುತ್ತವೆ. 29 ಇಂಚು ಎಂದು ಮಾರುವ ಎಂಟಿಬಿ ಚಕ್ರದ್ದೂ ಅದೇ 622, 27.5 ಇಂಚಿನದು 584.

ಈ ಗೊಂದಲ ಬಿಡಿಸಲು ಟೈರಿನ ಪಕ್ಕದ ಗೋಡೆಯ ಮೇಲೆ 37-622 ಅಥವಾ 50-559 ಎಂಬಂಥ ಸಣ್ಣ ಅಕ್ಷರದ ಜೋಡಿ ಸಂಖ್ಯೆ ಇದೆಯೇ ನೋಡಿ. ಮೊದಲನೆಯದು ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಇದನ್ನು ಇಟಿಆರ್‌ಟಿಒ ಅಳತೆ ಎನ್ನುತ್ತಾರೆ. ಎರಡನೆಯ ಸಂಖ್ಯೆ ಸರಿಯಾಗಿ ಹೊಂದಲೇಬೇಕು. ಅಗಲದಲ್ಲಿ ಸ್ವಲ್ಪ ಹೆಚ್ಚುಕಡಿಮೆ ನಡೆಯುತ್ತದೆ. ಟ್ಯೂಬಿನಲ್ಲಿ ನೋಡಬೇಕಾದ್ದು ವಾಲ್ವ್. ನಮ್ಮ ಹಳೆಯ ಸೈಕಲ್ಲುಗಳ ವಾಲ್‌ಟ್ಯೂಬಿನ ಬಗೆ ಒಂದು, ಮೋಟಾರ್ ಸೈಕಲ್ಲಿನಂಥ ದಪ್ಪ ಶ್ರೇಡರ್ ಇನ್ನೊಂದು, ತೆಳ್ಳಗೆ ಉದ್ದಕ್ಕಿರುವ ಪ್ರೆಸ್ಟಾ ಮತ್ತೊಂದು. ಪ್ರೆಸ್ಟಾಗೆಂದು ಕೊರೆದ ರಿಮ್ಮಿನ ತೂತಿನಲ್ಲಿ ಶ್ರೇಡರ್ ತೂರುವುದಿಲ್ಲ. ರಿಮ್ ಎತ್ತರವಿದ್ದರೆ ಪ್ರೆಸ್ಟಾದ ಉದ್ದವನ್ನೂ ನೋಡಬೇಕು, 48 ಮಿಲಿಮೀಟರಿನದು ಸಾಲದೆ 60 ಅಥವಾ 80 ಬೇಕಾಗಬಹುದು.

ಚೈನು ಕೊಳ್ಳುವಾಗ ತುಂಬ ಜನ "ನನ್ನದು 21 ಗೇರ್" ಎಂದು ಹುಡುಕುತ್ತಾರೆ. ಚೈನಿಗೆ ಬೇಕಾದ ಲೆಕ್ಕ ಹಿಂದಿನ ಗಾಲಿಯಲ್ಲಿ ಎಷ್ಟು ಹಲ್ಲಿನ ಚಕ್ರಗಳಿವೆ ಎಂಬುದು ಮಾತ್ರ. ಮುಂದೆ ಮೂರು, ಹಿಂದೆ ಏಳು ಇದ್ದರೆ ನಿಮ್ಮದು 7 ಸ್ಪೀಡಿನ ಚೈನು. ಸಾಮಾನ್ಯವಾಗಿ 6, 7, 8 ಸ್ಪೀಡಿಗೆ ಒಂದೇ ಚೈನು ಬರುತ್ತದೆ. ಅಲ್ಲಿಂದ ಮೇಲೆ 9, 10, 11, 12 ಎಂದು ಹೋದಂತೆ ಚೈನು ತೆಳ್ಳಗಾಗುತ್ತದೆ, ಒಂದರ ಜಾಗಕ್ಕೆ ಇನ್ನೊಂದು ಆಗುವುದಿಲ್ಲ.

ಹಿಂದಿನ ಹಲ್ಲಿನ ಚಕ್ರಗಳ ಗುಚ್ಛದಲ್ಲಿ ಎರಡು ಜಾತಿ. ಗಾಲಿಯ ನಡುವಿನ ಹಬ್ಬಿನ ಮೇಲೆ ತಿರುಪಿನಂತೆ ಸುತ್ತಿ ಕೂರಿಸುವುದು ಫ್ರೀವೀಲ್. ಗೀರುಗಳಿರುವ ಫ್ರೀಹಬ್ಬಿನ ಮೇಲೆ ಜಾರಿಸಿ ಕೂರಿಸುವುದು ಕ್ಯಾಸೆಟ್. ಕಡಿಮೆ ಬೆಲೆಯ 7 ಸ್ಪೀಡ್ ಸೈಕಲ್ಲುಗಳಲ್ಲಿ ಹೆಚ್ಚಾಗಿ ಇರುವುದು ಫ್ರೀವೀಲ್. ಫೋಟೋದಲ್ಲಿ ಎರಡೂ ಒಂದೇ ತರ ಕಾಣುವುದರಿಂದ ಇಲ್ಲಿ ಎಡವುವುದು ಸುಲಭ. ಗಾಲಿ ಬಿಚ್ಚಿ, ಹಲ್ಲುಗಳನ್ನು ಹಿಂದಕ್ಕೆ ತಿರುಗಿಸಿ. ನಡುವೆ ಟೂಲ್ ಕೂರುವ ಗೀರಿನ ಭಾಗವೂ ಹಲ್ಲುಗಳ ಜೊತೆಗೇ ತಿರುಗಿದರೆ ಅದು ಕ್ಯಾಸೆಟ್, ಅದು ನಿಂತಿದ್ದು ಹಲ್ಲುಗಳಷ್ಟೇ ತಿರುಗಿದರೆ ಫ್ರೀವೀಲ್.

ಡಿಸ್ಕ್ ಪ್ಯಾಡಿನ ಆಕಾರ ಬ್ರೇಕಿನ ಮಾಡೆಲ್‌ಗೆ ತಕ್ಕಂತೆ ಬದಲಾಗುತ್ತದೆ. ಹಳೆಯದನ್ನು ಹೊರತೆಗೆದು ಬೆನ್ನಿನ ಮೇಲಿನ ನಂಬರ್ ಓದಿಕೊಳ್ಳಿ. ಸೀಟ್ ಪೋಸ್ಟ್ (ಸೀಟನ್ನು ಹೊರುವ ಕೊಳವೆ) 27.2 ಮಿಲಿಮೀಟರ್ ಇರಬೇಕಾದ ಕಡೆ 26.8 ಹಾಕಿದರೆ ಎಷ್ಟು ಬಿಗಿಮಾಡಿದರೂ ಜಾರಬಹುದು. ಹಳೆಯ ಕೊಳವೆಯ ಕೆಳತುದಿಯಲ್ಲಿ ಅಳತೆ ಕೊರೆದಿರುವುದುಂಟು. ವೈರಿನ ಬದಲು ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಬ್ರೇಕ್ ಇದ್ದರೆ ಎಣ್ಣೆ ಯಾವುದೆಂದು ಲಿವರಿನ ಮೇಲೆ ನೋಡಿ. ಶಿಮಾನೋ ಕಂಪನಿಯ ಬ್ರೇಕುಗಳದ್ದು ಮಿನರಲ್ ಆಯಿಲ್. ಡಾಟ್ (DOT) ಎಂಬ ಬೇರೆ ಬಗೆಯ ಎಣ್ಣೆಯ ಬ್ರೇಕುಗಳೂ ಇವೆ. ಒಂದರಲ್ಲಿ ಇನ್ನೊಂದನ್ನು ಹಾಕಿದರೆ ಒಳಗಿನ ರಬ್ಬರ್ ಸೀಲು ಹಾಳಾಗಿ ಬ್ರೇಕೇ ಕೈಕೊಡುತ್ತದೆ.

ಇವನ್ನೆಲ್ಲ ಬರೆದು, ಜೊತೆಗೆ ಹಳೆಯ ಭಾಗದ ಎರಡೂ ಮಗ್ಗುಲಿನ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಅಂಗಡಿಯವರನ್ನು ಪರೀಕ್ಷಿಸಲು ಇದೇ ಬೇಕಾಗುತ್ತದೆ.

2. ಯಾವುದನ್ನು ಆನ್‌ಲೈನ್‌ನಲ್ಲಿ ಕೊಳ್ಳಬೇಕು, ಎಲ್ಲಿ ಕೊಳ್ಳಬೇಕು

ಸಾದಾ ಟ್ಯೂಬು, ಬ್ರೇಕ್ ಶೂ, ಬ್ರೇಕ್ ವೈರು, ಪೆಡಲ್, ಬೆಲ್ಲು ಇವೆಲ್ಲ ನಿಮ್ಮೂರಿನ ಸೈಕಲ್ ಶಾಪಿನಲ್ಲೇ ಸಿಗುತ್ತವೆ, ಅಲ್ಲೇ ಕೊಳ್ಳಿ. ಹತ್ತಿಪ್ಪತ್ತು ರೂಪಾಯಿ ಉಳಿತಾಯಕ್ಕೆ ಕೊರಿಯರ್ ಕಾಯುವುದರಲ್ಲಿ ಅರ್ಥವಿಲ್ಲ. ಹೊರಗಿನಿಂದ ತರಿಸಿದ ಭಾಗವನ್ನು ಕೂರಿಸಿಕೊಡುವವರೂ ಅದೇ ಮೆಕ್ಯಾನಿಕ್ ಅಣ್ಣ. "ನೀವೇ ತರಿಸಿಕೊಡ್ತೀರಾ, ಇಲ್ಲ ನಾನೇ ಆನ್‌ಲೈನ್‌ನಲ್ಲಿ ತರಿಸಲಾ?" ಎಂದು ಮೊದಲು ಅವರನ್ನು ಕೇಳಿ. ಎಷ್ಟೋ ಸಲ ಅವರ ಹೋಲ್‌ಸೇಲ್ ಸಂಪರ್ಕದಿಂದ ಸಾಮಾನು ಬಂದುಬಿಡುತ್ತದೆ, ಇಲ್ಲದಿದ್ದರೂ ಕೂಲಿ ಎಷ್ಟೆಂದು ಮೊದಲೇ ಗೊತ್ತಾಗುತ್ತದೆ.

ಆನ್‌ಲೈನ್ ಅಂಗಡಿಗಳಲ್ಲಿ ನನಗೆ ಹೆಚ್ಚು ಭರವಸೆ ಇರುವುದು ರಸ್ತೆಯ ಮೇಲೊಂದು ನಿಜವಾದ ಸೈಕಲ್ ಅಂಗಡಿ, ಒಳಗೊಂದು ವರ್ಕ್‌ಶಾಪ್ ಇಟ್ಟುಕೊಂಡು ವೆಬ್‌ಸೈಟನ್ನೂ ನಡೆಸುವವರ ಮೇಲೆ. ಬೆಂಗಳೂರು, ಚೆನ್ನೈ, ಪುಣೆ, ಮುಂಬೈಯಂಥ ನಗರಗಳಲ್ಲಿ ಇಂಥವರಿದ್ದಾರೆ. ತಾವು ಮಾರುವ ಚೈನನ್ನು ತಾವೇ ದಿನವೂ ಸೈಕಲ್ಲಿಗೆ ಹಾಕುವವರಿಗೆ ಅದರ ಗುಣದೋಷ ಗೊತ್ತಿರುತ್ತದೆ. ಡೆಕಥ್ಲಾನ್‌ನಂಥ ದೊಡ್ಡ ಸರಪಳಿ ಅಂಗಡಿಗಳದು ಬೇರೆ ಅನುಕೂಲ. ಆ ಸಂಸ್ಥೆ 2009ರಲ್ಲಿ ಭಾರತದಲ್ಲಿ ತನ್ನ ಮೊದಲ ಅಂಗಡಿ ತೆರೆದದ್ದು ಬೆಂಗಳೂರಿನಲ್ಲೇ, ಈಗ ರಾಜ್ಯದ ಬೇರೆ ಊರುಗಳಲ್ಲೂ ಅದರ ಮಳಿಗೆಗಳಿವೆ. ಆನ್‌ಲೈನ್‌ನಲ್ಲಿ ಕೊಂಡದ್ದನ್ನು ಹಿಂದಿರುಗಿಸಲು ಹೋಗಿ ನಿಲ್ಲುವ ಒಂದು ಕೌಂಟರ್ ಇರುವುದು ಸಣ್ಣ ವಿಷಯವಲ್ಲ.

ಅಮೆಜಾನ್, ಫ್ಲಿಪ್‌ಕಾರ್ಟ್‌ಗಳಲ್ಲಿ ಬಹಳಷ್ಟು ಸಾಮಾನನ್ನು ಮಾರುವವರು ಬೇರೆ ಬೇರೆ ವ್ಯಾಪಾರಿಗಳು. ಒಂದೇ ಚೈನಿನ ಪುಟದಲ್ಲಿ ಬೇರೆ ಬೇರೆ ಮಾರಾಟಗಾರರು ಇರಬಹುದು, ಇವತ್ತು ಮೇಲಿದ್ದವರು ನಾಳೆ ಇಲ್ಲದಿರಬಹುದು. ಆದ್ದರಿಂದ "ಅಮೆಜಾನ್‌ನಲ್ಲಿ ಕೊಂಡೆ" ಎಂಬುದು ಯಾವ ಖಾತರಿಯೂ ಅಲ್ಲ. ಮಾರಾಟಗಾರರ ಹೆಸರಿನ ಮೇಲೆ ಒತ್ತಿ, ಅವರು ಇನ್ನೇನು ಮಾರುತ್ತಾರೆ ನೋಡಿ. ಸೈಕಲ್ ಸಾಮಾನಷ್ಟೇ ಇದ್ದರೆ ಒಂದು ಭರವಸೆ. ಚೈನಿನ ಪಕ್ಕದಲ್ಲಿ ಮೊಬೈಲ್ ಕವರು, ಅಡುಗೆಮನೆಯ ಡಬ್ಬಿ ಕಂಡರೆ ಟಾರ್ಚು, ಬಾಟಲ್ ಹೋಲ್ಡರ್‌ಗಿಂತ ಮುಖ್ಯವಾದ ಯಾವುದನ್ನೂ ಅವರಿಂದ ಕೊಳ್ಳಬೇಡಿ.

ಇನ್ಸ್ಟಾಗ್ರಾಮ್, ವಾಟ್ಸಾಪ್ ಮೂಲಕವಷ್ಟೇ ಮಾರುವವರಲ್ಲಿ ಪ್ರಾಮಾಣಿಕರೂ ಇದ್ದಾರೆ. ಆದರೆ ಬಿಲ್ಲು ಇಲ್ಲ, ವಿಳಾಸ ಇಲ್ಲ, ಹಣ ಮೊದಲು ಎನ್ನುವವರಿಂದ ದೂರವಿರಿ.

3. ಅಂಗಡಿಯ ಹಿಂದೆ ಯಾರಿದ್ದಾರೆ

ವೆಬ್‌ಸೈಟಿನ ಕೆಳತುದಿಗೆ ಹೋಗಿ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ ಆನ್‌ಲೈನ್‌ನಲ್ಲಿ ಮಾರುವ ಸಂಸ್ಥೆ ತನ್ನ ಕಾನೂನುಬದ್ಧ ಹೆಸರು, ಕಚೇರಿಯ ವಿಳಾಸ, ಗ್ರಾಹಕ ಸೇವೆಯ ಸಂಪರ್ಕ, ಕುಂದುಕೊರತೆ ಅಧಿಕಾರಿಯ ಹೆಸರು ಇವನ್ನು ಕಾಣುವಂತೆ ಹಾಕಲೇಬೇಕು. ಅಮೆಜಾನ್‌ನಂಥ ತಾಣಗಳು ತಮ್ಮಲ್ಲಿ ಮಾರುವವರ ವಿವರವನ್ನೂ ಕೊಡಬೇಕು. ಒಂದು ಜಿಮೇಲ್ ವಿಳಾಸ, ಒಂದು ವಾಟ್ಸಾಪ್ ನಂಬರ್, ಅಷ್ಟೇ ಇದ್ದರೆ ಅಲ್ಲಿಗೇ ಕೈಬಿಡಿ.

ನಂತರ ಜಿಎಸ್‌ಟಿ ಸಂಖ್ಯೆ ಹುಡುಕಿ. ಬೇರೆ ರಾಜ್ಯಗಳಿಗೆ ಸೈಕಲ್ ಸಾಮಾನು ಕಳಿಸುವವರು ವಹಿವಾಟು ಎಷ್ಟೇ ಚಿಕ್ಕದಿರಲಿ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಸಂಖ್ಯೆಯಲ್ಲಿ 15 ಅಕ್ಷರ-ಅಂಕಿಗಳಿರುತ್ತವೆ, ಮೊದಲ ಎರಡು ಅಂಕಿ ರಾಜ್ಯದ ಗುರುತು. ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ತಮಿಳುನಾಡಿಗೆ 33, ನಮ್ಮ ದೇಶದ ಸೈಕಲ್ ಉದ್ಯಮದ ಕೇಂದ್ರವಾದ ಲುಧಿಯಾನ ಇರುವ ಪಂಜಾಬಿಗೆ 03. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ಈ ಸಂಖ್ಯೆ ಹಾಕಿ ನೋಡಬಹುದು. ವ್ಯಾಪಾರದ ಹೆಸರು, ನೋಂದಣಿಯಾದ ದಿನಾಂಕ, ಅದು ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲವೂ ಬರುತ್ತದೆ. "ಬೆಂಗಳೂರಿನ 15 ವರ್ಷ ಹಳೆಯ ಅಂಗಡಿ" ಎಂದು ಬರೆದುಕೊಂಡವರ ಸಂಖ್ಯೆ 29ರಿಂದ ಶುರುವಾಗದಿದ್ದರೆ, ಇಲ್ಲವೇ ನೋಂದಣಿಯಾಗಿ ಮೂರೇ ತಿಂಗಳಾಗಿದ್ದರೆ, ಕಾರಣ ಕೇಳಿ. ಸಮರ್ಪಕ ಉತ್ತರ ಬರದಿದ್ದರೆ ಕೊಳ್ಳಬೇಡಿ.

ಕೊಟ್ಟ ವಿಳಾಸವನ್ನು ಮ್ಯಾಪ್‌ನಲ್ಲಿ ಹುಡುಕಿ, ಜನ ಹಾಕಿದ ಫೋಟೋಗಳಲ್ಲಿ ಬೋರ್ಡು, ತೂಗುಹಾಕಿದ ಟೈರು, ರಿಪೇರಿ ಸ್ಟ್ಯಾಂಡು ಕಾಣುತ್ತವೆಯೇ ನೋಡಿ. ಆಮೇಲೆ ಒಂದು ಫೋನ್ ಮಾಡಿ. ವ್ಯಾಪಾರದ ಹೊತ್ತಿನಲ್ಲಿ ಫೋನ್ ಎತ್ತದ ಅಂಗಡಿ, ತೊಂದರೆಯಾದಾಗ ಎತ್ತುತ್ತದೆಂದು ನಂಬಲು ಕಾರಣವಿಲ್ಲ.

4. ಸಾಮಾನಿನ ಪುಟವನ್ನು ಓದುವ ಬಗೆ

ಒಳ್ಳೆಯ ಅಂಗಡಿಯ ಪುಟದಲ್ಲಿ ಮಾಡೆಲ್ ನಂಬರ್ ಇರುತ್ತದೆ. "ಶಿಮಾನೋ 7 ಸ್ಪೀಡ್ ಗೇರ್ ಸೆಟ್, ಎಲ್ಲ ಸೈಕಲ್ಲಿಗೂ ಹೊಂದುತ್ತದೆ" ಎಂಬ ಸಾಲು ಕಂಡರೆ ಆ ಪುಟ ಮುಚ್ಚಿಬಿಡಿ. ಎಲ್ಲ ಸೈಕಲ್ಲಿಗೂ ಹೊಂದುವ ಗೇರ್ ಸೆಟ್ ಎಂಬುದು ಇಲ್ಲ. ಫ್ರೀವೀಲೋ ಕ್ಯಾಸೆಟ್ಟೋ, ಎಷ್ಟು ಹಲ್ಲಿನಿಂದ ಎಷ್ಟು ಹಲ್ಲಿನವರೆಗೆ, ಚೈನಾದರೆ ಎಷ್ಟು ಕೊಂಡಿ, ಕೊಂಡಿ ಜೋಡಿಸುವ ಕ್ವಿಕ್ ಲಿಂಕ್ ಡಬ್ಬಿಯಲ್ಲಿದೆಯೇ, ರೋಟರ್ (ಡಿಸ್ಕ್ ಬ್ರೇಕಿನ ತಟ್ಟೆ) ಆದರೆ 160 ಮಿಲಿಮೀಟರೋ 180ಓ, ಗಾಲಿಗೆ ಕೂರಿಸುವ ಬಗೆ ಆರು ಬೋಲ್ಟಿನದೋ ಸೆಂಟರ್ ಲಾಕೋ, ಇಷ್ಟು ವಿವರ ಬರೆದವರಿಗೆ ಏನು ಮಾರುತ್ತಿದ್ದೇವೆಂಬ ಅರಿವಿದೆ.

ಫೋಟೋ ಕಂಪನಿಯ ಜಾಹೀರಾತಿನದೇ ಆಗಿದ್ದರೆ ತಪ್ಪಿಲ್ಲ, ಆದರೆ ಡಬ್ಬಿಯ ಫೋಟೋವೂ ಇದ್ದರೆ ಮೇಲು. ಪ್ಯಾಕ್ ಮಾಡಿದ ಸರಕಿನ ಮೇಲೆ ಗರಿಷ್ಠ ಮಾರಾಟ ಬೆಲೆ, ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ಯಾವ ದೇಶದ್ದು ಎಂಬ ವಿವರ ಇರಬೇಕೆಂದು ಕಾನೂನು ಮಾಪನಶಾಸ್ತ್ರದ (ತೂಕ-ಅಳತೆಯ) ನಿಯಮ ಹೇಳುತ್ತದೆ. ಜಪಾನ್, ತೈವಾನ್ ಹೆಸರಿನ ಭಾಗ ಕೊಳ್ಳುವಾಗ ಭಾರತದ ಆಮದುದಾರರ ಚೀಟಿ ಅಂಟಿಸಿದೆಯೇ ಎಂದು ನೋಡುವುದು ನನ್ನ ಮಟ್ಟಿಗೆ ಬಹಳ ಉಪಯುಕ್ತ ಗುರುತು. ಅದಿದ್ದರೆ ಸಾಮಾನು ನೆಟ್ಟಗಿನ ದಾರಿಯಲ್ಲಿ ಬಂದಿರುವ ಸಾಧ್ಯತೆ ಹೆಚ್ಚು, ವಾರಂಟಿ ಕೇಳಲು ಒಂದು ಬಾಗಿಲೂ ಇರುತ್ತದೆ.

ಡಬ್ಬಿಯಿಲ್ಲದೆ ಬರಿಯ ಕವರಿನಲ್ಲಿ ಬರುವ ಅಸಲಿ ಭಾಗಗಳೂ ಉಂಟು. ಸೈಕಲ್ ಕಾರ್ಖಾನೆಗಳಿಗೆಂದು ರಾಶಿಯಲ್ಲಿ ಬಂದದ್ದನ್ನು ಕೆಲವರು ಬಿಡಿಯಾಗಿ ಮಾರುತ್ತಾರೆ. ಬೆಲೆ ಕಡಿಮೆ, ವಸ್ತು ಅದೇ. ಅಂಗಡಿಯವರು ಇದನ್ನು ಪುಟದಲ್ಲಿ ಮೊದಲೇ ಹೇಳಿದ್ದರೆ, ವಾರಂಟಿ ಯಾರ ಹೊಣೆ ಎಂದು ಬರೆದಿದ್ದರೆ, ಅದು ಪ್ರಾಮಾಣಿಕ ವ್ಯಾಪಾರ. ಡಬ್ಬಿಯ ಫೋಟೋ ತೋರಿಸಿ ಕವರು ಕಳಿಸುವುದು ಮೋಸ.

ಗ್ರಾಹಕರ ಅಭಿಪ್ರಾಯ ಓದುವಾಗ ಐದು ನಕ್ಷತ್ರದವನ್ನೂ ಒಂದು ನಕ್ಷತ್ರದವನ್ನೂ ದಾಟಿ ಎರಡು, ಮೂರು ಕೊಟ್ಟವರ ಮಾತಿಗೆ ಹೋಗಿ. "ಚೈನು ಚೆನ್ನಾಗಿದೆ, ಆದರೆ ಕ್ವಿಕ್ ಲಿಂಕ್ ಬರಲಿಲ್ಲ" ಎಂಬಂಥ ಉಪಯೋಗದ ಮಾತು ಸಿಗುವುದು ಅಲ್ಲಿ. ದೊಡ್ಡ ತಾಣಗಳಲ್ಲಿ ಒಂದೇ ಪುಟದಡಿ ಬೇರೆ ಬೇರೆ ಅಳತೆಗಳ ಅಭಿಪ್ರಾಯವೆಲ್ಲ ಒಟ್ಟಾಗಿ ಬರುವುದುಂಟು. ನೀವು ನೋಡುತ್ತಿರುವುದು 700ಸಿ ಟ್ಯೂಬು, ಹೊಗಳಿಕೆ ಇರುವುದು 26ರ ಟ್ಯೂಬಿಗೆ. ಯಾವ ಅಳತೆ ಕೊಂಡವರು ಬರೆದದ್ದು ಎಂಬುದನ್ನು ಗಮನಿಸಿ.

5. ಒಂದು ಪ್ರಶ್ನೆ ಕಳಿಸಿ, ಉತ್ತರ ತೂಗಿ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆಯನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕೊಳ್ಳುವ ಮೊದಲು ಅಂಗಡಿಗೆ ಒಂದು ನಿಖರವಾದ ಪ್ರಶ್ನೆ ಕಳಿಸಿ, ಫೋಟೋದ ಜೊತೆಗೆ. ಉದಾಹರಣೆಗೆ: "ನನ್ನ ಸೈಕಲ್ಲಿನ ಹಿಂದೆ 8 ಸ್ಪೀಡಿನ 11-32 ಕ್ಯಾಸೆಟ್ ಇದೆ. ಘಟ್ಟ ಹತ್ತಲು ಹಗುರವಾಗಲೆಂದು 11-40 ಹಾಕಿಸಬೇಕೆಂದಿದ್ದೇನೆ. ನನ್ನ ಹಿಂದಿನ ಡಿರೈಲರ್‌ನ ಫೋಟೋ ಕಳಿಸಿದ್ದೇನೆ. ಹೊಂದುತ್ತದೆಯೇ, ಚೈನೂ ಬದಲಿಸಬೇಕೇ?"

11-32 ಎಂದರೆ ಅತಿ ಚಿಕ್ಕ ಚಕ್ರದಲ್ಲಿ 11 ಹಲ್ಲು, ಅತಿ ದೊಡ್ಡದರಲ್ಲಿ 32. ಡಿರೈಲರ್ ಎಂದರೆ ಗೇರ್ ಬದಲಿಸುವಾಗ ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ. ಪ್ರತಿ ಹಿಂದಿನ ಡಿರೈಲರ್‌ಗೂ ತಡೆಯಬಲ್ಲ ಅತಿ ದೊಡ್ಡ ಹಲ್ಲಿನ ಚಕ್ರ ಇಷ್ಟೇ ಎಂಬ ಮಿತಿಯಿದೆ. ಆದ್ದರಿಂದ ಈ ಪ್ರಶ್ನೆಗೆ ಡಿರೈಲರ್ ಮಾಡೆಲ್ ನೋಡದೆ ಉತ್ತರ ಹೇಳಲಾಗದು. "ಎಸ್ ಸರ್, ಫಿಟ್ ಆಗುತ್ತೆ, ಆರ್ಡರ್ ಮಾಡಿ" ಎಂದು ಒಂದು ನಿಮಿಷದಲ್ಲಿ ಉತ್ತರ ಬಂದರೆ ಅವರು ಫೋಟೋ ನೋಡಿಲ್ಲ. "ಡಿರೈಲರ್ ಮೇಲಿನ ನಂಬರ್ ಕಾಣುತ್ತಿಲ್ಲ, ಹಿಂಬದಿಯ ಫೋಟೋ ಕಳಿಸಿ" ಎಂದರೆ ಬಲ್ಲವರು. "ನಿಮ್ಮ ಡಿರೈಲರ್‌ಗೆ 34ಕ್ಕಿಂತ ದೊಡ್ಡದು ಆಗುವುದಿಲ್ಲ, 11-34 ಹಾಕಿಸಿ ಸಾಕು" ಎಂದು ಕಡಿಮೆ ಬೆಲೆಯ ಸಾಮಾನಿನ ಕಡೆ ತಿರುಗಿಸಿದರೆ ಆ ಅಂಗಡಿಯ ನಂಬರ್ ಜೋಪಾನವಾಗಿಟ್ಟುಕೊಳ್ಳಿ, ಅಂಥವರು ಸಿಗುವುದು ಅಪರೂಪ.

ಉತ್ತರ ತಡವಾಗಿ ಬಂದರೆ ಚಿಂತೆಯಿಲ್ಲ, ಸಣ್ಣ ಅಂಗಡಿಗಳಲ್ಲಿ ಕೆಲಸ ಮಾಡುವ ಕೈಯೇ ಮೆಸೇಜಿಗೂ ಉತ್ತರಿಸಬೇಕು. ಉತ್ತರದಲ್ಲಿ ಹುರುಳಿರಬೇಕು, ಅಷ್ಟೇ. ಮತ್ತು ಮಾತು ಬರಹದಲ್ಲಿರಲಿ. ಫೋನಿನಲ್ಲಿ ಹೇಳಿದ್ದನ್ನು "ನೀವು ಹೇಳಿದಂತೆ ಇದು ನನ್ನ ಸೈಕಲ್ಲಿಗೆ ಹೊಂದುತ್ತದೆ ಎಂದು ಆರ್ಡರ್ ಮಾಡುತ್ತಿದ್ದೇನೆ" ಎಂದು ಒಂದು ಮೆಸೇಜ್ ಹಾಕಿಟ್ಟರೆ ಮುಂದೆ ವಾದವಿಲ್ಲ.

6. ಬೆಲೆ ಮತ್ತು ನಕಲಿ

ಅದೇ ಮಾಡೆಲ್ ನಂಬರನ್ನು ಮೂರು ಕಡೆ ಹುಡುಕಿ, ಕೊರಿಯರ್ ಖರ್ಚು ಸೇರಿಸಿ ಹೋಲಿಸಿ. ಎರಡು ಕಡೆ ಹೆಚ್ಚುಕಡಿಮೆ ಒಂದೇ ಇದ್ದು ಮೂರನೆಯ ಕಡೆ ಅರ್ಧ ಬೆಲೆ ಕಂಡರೆ ಅಲ್ಲಿ ಒಳ್ಳೆಯ ಕಾರಣಕ್ಕಿಂತ ಕೆಟ್ಟ ಕಾರಣವಿರುವ ಸಂಭವವೇ ಹೆಚ್ಚು. ಹಳೆಯ ದಾಸ್ತಾನು ಖಾಲಿ ಮಾಡುವವರು ಹಾಗೆಂದು ಹೇಳಿಯೇ ಮಾರುತ್ತಾರೆ.

ನಕಲಿ ಸಾಮಾನಿನ ವಿಷಯದಲ್ಲಿ ನನ್ನ ನಿಲುವು ಕಟ್ಟುನಿಟ್ಟು. ನಕಲಿ ಬಾಟಲ್ ಹೋಲ್ಡರ್ ಮುರಿದರೆ ಬಾಟಲ್ ಬೀಳುತ್ತದೆ. ಹ್ಯಾಂಡಲ್, ಸ್ಟೆಮ್, ಫೋರ್ಕ್, ಕ್ರ್ಯಾಂಕ್, ಬ್ರೇಕು, ಸೀಟ್ ಪೋಸ್ಟ್, ಹೆಲ್ಮೆಟ್ ಇವು ಕೈಕೊಟ್ಟರೆ ಬೀಳುವುದು ಮನುಷ್ಯ. ಚಾರ್ಮಾಡಿ, ಆಗುಂಬೆ ಘಾಟಿ ಇಳಿಯುವಾಗ ಹ್ಯಾಂಡಲ್ ಮುರಿದರೆ ಏನಾಗುತ್ತದೆ ಎಂಬುದನ್ನು ಬರೆಯಬೇಕಾಗಿಲ್ಲ. ಪ್ರಸಿದ್ಧ ಕಂಪನಿಗಳ ಹೆಸರು ಅಚ್ಚು ಹಾಕಿದ ಅಗ್ಗದ ಕಾರ್ಬನ್ ಹ್ಯಾಂಡಲ್, ಸೀಟ್ ಪೋಸ್ಟ್‌ಗಳು ಜಗತ್ತಿನಾದ್ಯಂತ ಆನ್‌ಲೈನ್‌ನಲ್ಲಿ ಹರಿದಾಡುತ್ತಿವೆ. ಕಾರ್ಬನ್ ಒಳಗೊಳಗೇ ಬಿರುಕು ಬಿಟ್ಟರೂ ಹೊರಗೆ ಗೊತ್ತಾಗದೆ ಒಮ್ಮೆಲೇ ಮುರಿಯಬಹುದು. ಈ ಪಟ್ಟಿಯ ಭಾಗಗಳನ್ನು ಅಧಿಕೃತ ಡೀಲರ್‌ನಿಂದ, ಬಿಲ್ಲಿನ ಸಮೇತ ಮಾತ್ರ ಕೊಳ್ಳಿ. ಕೈಯಲ್ಲಿ ಹಣ ಕಡಿಮೆಯಿದ್ದರೆ ಒಳ್ಳೆಯ ಅಲ್ಯೂಮಿನಿಯಂ ಹ್ಯಾಂಡಲ್ ಕೊಳ್ಳಿ, ಅದರಲ್ಲಿ ಯಾವ ಕೊರತೆಯೂ ಇಲ್ಲ. ಯಾರು ಅಧಿಕೃತ ಎಂದು ತಿಳಿಯಲು ಕಂಪನಿಯ ವೆಬ್‌ಸೈಟಿನಲ್ಲಿರುವ ಡೀಲರ್ ಪಟ್ಟಿ ನೋಡಿ, ಅಂಗಡಿಯವರು ತಾವೇ ಹಾಕಿಕೊಂಡ "ಅಧಿಕೃತ" ಮುದ್ರೆಯನ್ನಲ್ಲ.

ಹೆಲ್ಮೆಟ್ಟಿನ ಒಳಗೆ ಯುರೋಪಿನ ಇಎನ್ 1078 ಅಥವಾ ಅಮೆರಿಕದ ಸಿಪಿಎಸ್‌ಸಿ ಗುರುತು ಇದೆಯೇ ನೋಡಿ. ಮೋಟಾರ್ ಸೈಕಲ್ ಹೆಲ್ಮೆಟ್ಟಿಗೆ ಬರುವ ಐಎಸ್ 4151 ಬೇರೆ, ಅದನ್ನು ಸೈಕಲ್ ಹೆಲ್ಮೆಟ್ಟಿನಲ್ಲಿ ಹುಡುಕಬೇಕಾಗಿಲ್ಲ. ಲೈಟುಗಳ ಮೇಲೆ ಬರೆಯುವ ಲೂಮೆನ್ (ಬೆಳಕಿನ ಪ್ರಮಾಣ) ಲೆಕ್ಕವನ್ನು ಅಗ್ಗದ ಸಾಮಾನಿನಲ್ಲಿ ನಂಬಬೇಡಿ. ಎಷ್ಟು ಗಂಟೆ ಉರಿಯುತ್ತದೆ, ಮಳೆ ತಡೆಯುತ್ತದೆಯೇ ಎಂದು ಕೊಂಡವರ ಮಾತಿನಲ್ಲಿ ಹುಡುಕಿ. ನಮ್ಮ ಮಲೆನಾಡಿನ ಜೂನ್, ಜುಲೈಗೆ ಅದೇ ಮುಖ್ಯ.

7. ವಿದೇಶಿ ಅಂಗಡಿಯಿಂದ ತರಿಸುವುದಾದರೆ

ಒಂದು ಕಾಲಕ್ಕೆ ನಮ್ಮ ಸೈಕ್ಲಿಸ್ಟುಗಳು ಇಂಗ್ಲೆಂಡಿನ ವಿಗಲ್, ಉತ್ತರ ಐರ್ಲೆಂಡಿನ ಚೈನ್ ರಿಯಾಕ್ಷನ್ ಸೈಕಲ್ಸ್ ಅಂಗಡಿಗಳಿಂದ ಧಾರಾಳವಾಗಿ ತರಿಸುತ್ತಿದ್ದರು. 2016ರಲ್ಲಿ ಎರಡೂ ಒಂದಾದವು, 2023ರ ಅಕ್ಟೋಬರ್‌ನಲ್ಲಿ ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಗಳ ಕೈಸೇರಿದವು, ಬಳಿಕ ಆ ಹೆಸರುಗಳನ್ನು ಬೇರೊಂದು ಸಂಸ್ಥೆ ಕೊಂಡಿತು. ಹೆಸರು ಹಳೆಯದಾದ ಮಾತ್ರಕ್ಕೆ ಹಿಂದಿರುವವರು ಹಳಬರೇ ಎಂದು ಎಣಿಸಬೇಡಿ, ಇತ್ತೀಚಿನ ತಿಂಗಳುಗಳ ಅಭಿಪ್ರಾಯ ಓದಿ. ಯಾವ ಅಂಗಡಿಯಲ್ಲೂ ಗಿಫ್ಟ್ ವೋಚರ್, ವ್ಯಾಲೆಟ್ ರೂಪದಲ್ಲಿ ದೊಡ್ಡ ಮೊತ್ತ ಬಿಡಬೇಡಿ.

ಸುಂಕದ ಲೆಕ್ಕ ಮೊದಲೇ ಹಾಕಿ. ಸಾಮಾನಿನ ಬೆಲೆ, ಸಾಗಣೆ, ವಿಮೆ ಮೂರರ ಮೊತ್ತದ ಮೇಲೆ ಕಸ್ಟಮ್ಸ್ ಸುಂಕ ಬೀಳುತ್ತದೆ, ಅದರ ಮೇಲೆ ಐಜಿಎಸ್‌ಟಿ (ಆಮದಿಗೆ ಹಾಕುವ ಜಿಎಸ್‌ಟಿ). ಕೊರಿಯರ್ ಕಂಪನಿ ಗುರುತಿನ ದಾಖಲೆ ಕೇಳುತ್ತದೆ, ತನ್ನ ಕೆಲಸಕ್ಕೆ ಬೇರೆ ಶುಲ್ಕವನ್ನೂ ಹಾಕಬಹುದು. ಅಳತೆ ತಪ್ಪಿದರೆ ವಾಪಸು ಕಳಿಸುವ ಖರ್ಚು ಸಾಮಾನಿಗಿಂತ ಹೆಚ್ಚಾದೀತು, ಕಟ್ಟಿದ ಸುಂಕ ಸುಲಭವಾಗಿ ಮರಳುವುದಿಲ್ಲ. ಅಮೆರಿಕ, ಯುರೋಪಿನಲ್ಲಿರುವ ಮಕ್ಕಳೋ ಬಂಧುಗಳೋ ಊರಿಗೆ ಬರುವಾಗ ತರಿಸಿಕೊಳ್ಳುವವರೂ ಇದ್ದಾರೆ. ಆಗ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಕಂಪನಿಯನ್ನು ಕೇಳಿ ತಿಳಿದುಕೊಳ್ಳಿ.

8. ಹಣ ಕಟ್ಟುವಾಗ

ಹೊಸ ಅಂಗಡಿಯಲ್ಲಿ ಮೊದಲ ಆರ್ಡರ್ ಚಿಕ್ಕದಿರಲಿ. ಒಂದು ಜೊತೆ ಪ್ಯಾಡೋ, ಒಂದು ಟ್ಯೂಬೋ ತರಿಸಿ ಪ್ಯಾಕಿಂಗ್, ಬಿಲ್ಲು, ಬಂದ ಅವಧಿ ಎಲ್ಲ ನೋಡಿ. ಕ್ಯಾಶ್ ಆನ್ ಡೆಲಿವರಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಕ್ರೆಡಿಟ್ ಕಾರ್ಡು ಮೇಲು, ಸಾಮಾನು ಬಾರದಿದ್ದರೆ ಬ್ಯಾಂಕಿನಲ್ಲಿ ತಕರಾರು ಹಾಕಲು ಅದರಲ್ಲಿ ದಾರಿಯಿದೆ. ಯುಪಿಐ ಮೂಲಕ ಯಾರದೋ ಖಾಸಗಿ ನಂಬರಿಗೆ ಕಳಿಸಿ ಎಂದರೆ ಒಪ್ಪಬೇಡಿ, ಹಣ ಹೋಗುವ ಹೆಸರು ಬಿಲ್ಲಿನ ಹೆಸರಿಗೆ ಹೊಂದಬೇಕು. ಮರುಪಾವತಿಗೆಂದು ಪಿನ್ ಒತ್ತಲು ಹೇಳಿದರೆ ಅದು ವಂಚನೆಯೇ. ನಿಮಗೆ ಹಣ ಬರಲು ಯುಪಿಐ ಪಿನ್ ಬೇಕಿಲ್ಲ.

ಕೊನೆಯ ಬಟನ್ ಒತ್ತುವ ಮೊದಲು ಮೊತ್ತವನ್ನು ಮತ್ತೊಮ್ಮೆ ಓದಿ. ನೀವು ಕೇಳದ ವಿಮೆ, ದೇಣಿಗೆ, ಹೆಚ್ಚುವರಿ ವಾರಂಟಿ ಬುಟ್ಟಿಗೆ ತಾನಾಗಿ ಸೇರಿದ್ದರೆ ತೆಗೆಯಿರಿ. ಹೀಗೆ ಸದ್ದಿಲ್ಲದೆ ಸೇರಿಸುವುದನ್ನು 2023ರ ನವೆಂಬರ್‌ನ ಕೇಂದ್ರದ ಮಾರ್ಗಸೂಚಿ ನಿಷೇಧಿಸಿದೆ. ಅದನ್ನು ಮಾಡುವ ಅಂಗಡಿಯ ಬಗ್ಗೆ ನಿಮ್ಮ ಅಭಿಪ್ರಾಯ ಬದಲಾಗಬೇಕು.

9. ಪಾರ್ಸೆಲ್ ಬಂದ ಮೇಲೆ

ಒಡೆಯುವಾಗ ಮೊಬೈಲಿನಲ್ಲಿ ವಿಡಿಯೋ ಮಾಡಿ, ವಿಳಾಸದ ಚೀಟಿಯಿಂದ ಶುರುಮಾಡಿ ತಡೆಯಿಲ್ಲದೆ ಕೊನೆತನಕ. ಬಿಲ್ಲಿನಲ್ಲಿರುವ ಮಾಡೆಲ್ ನಂಬರ್, ಡಬ್ಬಿಯ ಮೇಲಿನದು, ಭಾಗದ ಮೇಲೆ ಕೊರೆದದ್ದು ಮೂರೂ ಒಂದೇ ಇರಬೇಕು. ಕಂಪನಿಯ ವೆಬ್‌ಸೈಟಿನಲ್ಲಿ ತೂಕ ಕೊಟ್ಟಿದ್ದರೆ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿ. ಅಕ್ಷರ ಮಸುಕಾಗಿದ್ದರೆ, ಕಾಗುಣಿತ ತಪ್ಪಿದ್ದರೆ, ತೂಕದಲ್ಲಿ ಬಹಳ ವ್ಯತ್ಯಾಸವಿದ್ದರೆ ಸಂಶಯಪಡಿ.

ಹಳೆಯ ಭಾಗದ ಪಕ್ಕದಲ್ಲಿಟ್ಟು ಹೋಲಿಸುವವರೆಗೆ ಹೊಸದನ್ನು ಸೈಕಲ್ಲಿಗೆ ಹಾಕಬೇಡಿ. ಚೈನನ್ನು ಒಮ್ಮೆ ಅಳತೆಗೆ ಕತ್ತರಿಸಿದರೆ, ಪ್ಯಾಡು ಒಮ್ಮೆ ರೋಟರಿಗೆ ಉಜ್ಜಿದರೆ ಯಾವ ಅಂಗಡಿಯೂ ವಾಪಸು ತೆಗೆದುಕೊಳ್ಳಲು ಹಿಂಜರಿಯುತ್ತದೆ, ಅದು ನ್ಯಾಯವೂ ಹೌದು. ಎಷ್ಟು ದಿನದೊಳಗೆ ಹಿಂದಿರುಗಿಸಬೇಕು ಎಂಬ ಗಡುವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮೆಕ್ಯಾನಿಕ್ ಹತ್ತಿರ ಹೋಗಲು ಭಾನುವಾರದವರೆಗೆ ಕಾಯುವುದರಲ್ಲೇ ಆ ಗಡುವು ದಾಟಿಬಿಡುವುದುಂಟು.

10. ತೊಂದರೆಯಾದರೆ

ಮೊದಲು ಅಂಗಡಿಗೆ ಬರಹದಲ್ಲಿ ತಿಳಿಸಿ. ಆರ್ಡರ್ ನಂಬರ್, ಏನು ಕೇಳಿದ್ದಿರಿ, ಏನು ಬಂತು, ಏನು ಬೇಕು, ನಾಲ್ಕೇ ಸಾಲು, ಜೊತೆಗೆ ಫೋಟೋ. ಒಳ್ಳೆಯ ಅಂಗಡಿಗಳಲ್ಲಿ ವಿಷಯ ಇಲ್ಲೇ ಮುಗಿಯುತ್ತದೆ. ಸಾಮಾನಿನಲ್ಲಿ ದೋಷವಿದ್ದರೆ, ಅದು ನಕಲಿಯಾಗಿದ್ದರೆ, ಪುಟದಲ್ಲಿ ಹೇಳಿದಂತೆ ಇಲ್ಲದಿದ್ದರೆ ಮಾರಾಟಗಾರರು ವಾಪಸು ತೆಗೆದುಕೊಳ್ಳಲು, ಹಣ ಕೊಡಲು ನಿರಾಕರಿಸುವಂತಿಲ್ಲ ಎಂದು ಮೇಲೆ ಹೇಳಿದ 2020ರ ನಿಯಮಗಳೇ ಹೇಳುತ್ತವೆ. "ನಮ್ಮಲ್ಲಿ ರಿಟರ್ನ್ ಇಲ್ಲ" ಎಂಬ ಬೋರ್ಡು ಅಲ್ಲಿ ನಡೆಯುವುದಿಲ್ಲ. ತಪ್ಪು ಅಳತೆಯನ್ನು ನೀವೇ ಆರಿಸಿದ್ದರೆ ಮಾತ್ರ ಅಂಗಡಿಯ ನೀತಿಯೇ ಕೊನೆ.

ಕುಂದುಕೊರತೆ ಅಧಿಕಾರಿ ದೂರು ಬಂದದ್ದನ್ನು 48 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅದಾಗದಿದ್ದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಂಗಡಿಯೇ ನಕಲಿಯಾಗಿ ಹಣ ಹೋಗಿದ್ದರೆ ಕಾಯದೆ ತಕ್ಷಣ 1930ಕ್ಕೆ ಕರೆ ಮಾಡಿ. ಸೈಬರ್ ವಂಚನೆಯ ಆ ಸಹಾಯವಾಣಿಗೆ ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಇದ್ಯಾವುದೂ ಫಲಿಸದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅಂಗಡಿ ದೆಹಲಿಯಲ್ಲಿದ್ದರೂ ಲುಧಿಯಾನದಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ದೂರಿಗೆ ಕಾರಣವಾದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು, ಅಲ್ಲಿಯವರೆಗೆ ಬಿಲ್ಲು, ಮೆಸೇಜು, ಪಾರ್ಸೆಲ್ ಒಡೆದ ವಿಡಿಯೋ ಯಾವುದನ್ನೂ ಅಳಿಸಬೇಡಿ.